ಗಾಡಿ–ಗ್ಯಾರೇಜು: ಧೂಳಿನ ಊರಿಗೆ ಎಂಥ ಏರ್ ಫಿಲ್ಟರ್?

ಜೋಳದ ರಾಶಿ, ಕಬ್ಬಿನ ಸೀಜನ್ ಎರಡೂ ಕೂಡಿ ಬರುವ ಹೊತ್ತಿನಲ್ಲಿ ನಮಗೆ ಬರುವ ಪತ್ರಗಳಲ್ಲಿ ಏರ್ ಫಿಲ್ಟರಿನ ಮಾತೇ ಹೆಚ್ಚು. ಒಂದೇ ಪ್ರಶ್ನೆಯನ್ನು ಹಲವರು ಕೇಳಿದ್ದಲ್ಲಿ ಒಂದು ಪತ್ರವನ್ನಷ್ಟೇ ಆರಿಸಿದ್ದೇವೆ.

ಇಳಕಲ್ಲ ಹತ್ತಿರದ ಗ್ರಾನೈಟ್ ಕ್ವಾರಿಯಲ್ಲಿ ನನ್ನ ಕೆಲಸ. 150 ಸಿಸಿ ಬೈಕು, ದಿನಾ ಕ್ವಾರಿಯೊಳಗೆ ಓಡಾಟ. ಕಂಪನಿಯ ಪೇಪರ್ ಫಿಲ್ಟರ್ ಮೂರು ತಿಂಗಳಿಗೇ ಕಟ್ಟಿಕೊಳ್ಳುತ್ತದೆ. ತೊಳೆದು ಬಳಸುವ ಕಾಟನ್ ಫಿಲ್ಟರ್ ಹಾಕಿಸಿದರೆ ಗಾಡಿ ಇರುವವರೆಗೂ ಬರುತ್ತದೆ, ಪಿಕಪ್ಪೂ ಏರುತ್ತದೆ ಎನ್ನುತ್ತಾರೆ. ಹಾಕಿಸಲೇ?
— ಓದುಗರು, ಇಳಕಲ್ಲ

ಬೇಡ. ನಿಮ್ಮ ಜಾಗಕ್ಕೆ ಕಂಪನಿಯ ಪೇಪರ್ ಫಿಲ್ಟರೇ ಸರಿ. ಮೂರು ತಿಂಗಳಿಗೆ ಕಟ್ಟಿಕೊಂಡರೆ ಮೂರು ತಿಂಗಳಿಗೆ ಬದಲಿಸಿ. ಕಟ್ಟಿಕೊಳ್ಳುತ್ತಿದೆ ಎಂದರೆ ಧೂಳು ಹಿಡಿಯುತ್ತಿದೆ ಎಂದೇ ಅರ್ಥ.

ಇಂಜಿನ್ ಎಷ್ಟು ಗಾಳಿ ಎಳೆಯುತ್ತದೆ ಎಂದು ಒಮ್ಮೆ ಲೆಕ್ಕ ಹಾಕಿ. ಫೋರ್ ಸ್ಟ್ರೋಕ್ ಇಂಜಿನ್ ಎರಡು ಸುತ್ತಿಗೊಮ್ಮೆ ಉಸಿರೆಳೆಯುತ್ತದೆ. 150 ಸಿಸಿ ಗಾಡಿ 6,000 ಆರ್‌ಪಿಎಂನಲ್ಲಿ ಎಕ್ಸಲೇಟರ್ ಪೂರ್ತಿ ತಿರುವಿ ಓಡಿದರೆ ನಿಮಿಷಕ್ಕೆ 3,000 ಸಲ 150 ಮಿಲಿಲೀಟರ್, ಅಂದರೆ ಸುಮಾರು 450 ಲೀಟರ್ ಗಾಳಿ. ಮೆಲ್ಲಗೆ ಓಡಿಸಿದಾಗ ಇದಕ್ಕಿಂತ ಬಹಳ ಕಡಿಮೆ, ನಿಜ. ಆದರೂ ದಿನಕ್ಕೆ ಸಾವಿರಾರು ಲೀಟರ್ ಆಗಿಯೇ ಆಗುತ್ತದೆ. ಆ ಗಾಳಿಯಲ್ಲಿರುವ ಧೂಳನ್ನು ತಡೆಯಲು ಇರುವುದು ಆ ಒಂದು ಪೇಪರ್ ಮಾತ್ರ.

ಧೂಳು ಎಲ್ಲ ಕಡೆ ಒಂದೇ ಜಾತಿಯದಲ್ಲ. ಗ್ರಾನೈಟಿನಲ್ಲಿ ಕ್ವಾರ್ಟ್ಜ್ ಇದೆ. 1ರಿಂದ 10ರವರೆಗಿನ ಮೋಸ್ ಗಡಸುತನದ ಪಟ್ಟಿಯಲ್ಲಿ ಅದಕ್ಕೆ 7. ಬಾದಾಮಿ, ಗುಳೇದಗುಡ್ಡ ಕಡೆಯ ಮರಳುಗಲ್ಲಿನ ಪುಡಿಯೂ ಬಹುಪಾಲು ಕ್ವಾರ್ಟ್ಜೇ. ಲೋಕಾಪುರ, ಬಾಗಲಕೋಟೆ ಕಡೆಯ ಸುಣ್ಣಕಲ್ಲಿನ ಮುಖ್ಯ ಅಂಶ ಕ್ಯಾಲ್ಸೈಟ್. ಅದರ ಗಡಸುತನ 3. ಬಿಳೀ ಧೂಳು ಮೈಮೇಲೆಲ್ಲ ಕೂತು ಭಯ ಹುಟ್ಟಿಸುತ್ತದೆ, ಫಿಲ್ಟರನ್ನು ಬೇಗ ಕಟ್ಟಿಸುತ್ತದೆ. ಆದರೆ ಸಿಲಿಂಡರ್ ಗೋಡೆಯನ್ನು ಗೀರುವುದರಲ್ಲಿ ನಿಮ್ಮ ಕ್ವಾರಿಯ ಧೂಳು ಅದಕ್ಕಿಂತ ಬಹಳ ಕೆಟ್ಟದ್ದು. ಅದರಲ್ಲೂ 5ರಿಂದ 20 ಮೈಕ್ರಾನ್ ಗಾತ್ರದ ಕಣಗಳು. ಅವು ಪಿಸ್ಟನ್ ರಿಂಗಿಗೂ ಬೋರಿಗೂ ನಡುವೆ ಇರುವ ಎಣ್ಣೆಯ ಪದರದೊಳಗೆ ಸೇರಿ ಎರಡೂ ಕಡೆ ಉಜ್ಜುತ್ತವೆ. ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್ ಎಂದರೆ ಆ ಕಣ ಕಣ್ಣಿಗೆ ಬೀಳುವುದಿಲ್ಲ ಎಂಬುದು ಗೊತ್ತಾದೀತು.

ಈಗ ಫಿಲ್ಟರಿನ ವಿಷಯ. ಎಣ್ಣೆ ಹಚ್ಚಿದ ಕಾಟನ್ ಫಿಲ್ಟರಿನಲ್ಲಿ ನಾಲ್ಕೈದು ಪದರ ಹತ್ತಿಯ ಜಾಳು ಬಟ್ಟೆ, ಎರಡೂ ಕಡೆ ತಂತಿ ಜಾಳಿಗೆ ಇರುತ್ತದೆ. ರಂಧ್ರ ದೊಡ್ಡವು, ಧೂಳು ಹಿಡಿಯುವುದು ಎಣ್ಣೆ. ಪ್ಯಾಕೆಟ್ಟಿನ ಮೇಲೆ ‘99% ಧೂಳು ತಡೆಯುತ್ತದೆ’ ಎಂದು ಓದಿ ಸಮಾಧಾನಪಡಬೇಡಿ. 99% ತಡೆದರೆ 100 ಗ್ರಾಂ ಧೂಳಿನಲ್ಲಿ 1 ಗ್ರಾಂ ಒಳಗೆ ಹೋಗುತ್ತದೆ, 99.5% ತಡೆದರೆ ಅರ್ಧ ಗ್ರಾಂ. ಕಾಗದದ ಮೇಲೆ ಅರ್ಧ ಪರ್ಸೆಂಟಿನ ಅಂತರ, ಇಂಜಿನ್ನಿಗೆ ಎರಡು ಪಟ್ಟು ಧೂಳು. ಏರ್ ಫಿಲ್ಟರುಗಳ ಅಂತರರಾಷ್ಟ್ರೀಯ ಪರೀಕ್ಷೆಯಾದ ಐಎಸ್‌ಒ 5011ರ ಅಂಕಿ ಕೊಟ್ಟಿದ್ದರೆ ಯಾವ ಧೂಳಿನಿಂದ ಪರೀಕ್ಷಿಸಿದ್ದು ಎಂದೂ ನೋಡಿ. ಎ2 ಎಂದರೆ ಸಣ್ಣ ಧೂಳು, ಎ4 ಎಂದರೆ ದಪ್ಪ ಧೂಳು. ದಪ್ಪ ಧೂಳಿನಲ್ಲಿ ಒಳ್ಳೆ ಅಂಕ ತೆಗೆಯುವುದು ಸುಲಭ. ಯಾವ ಅಂಕಿಯೂ ಇಲ್ಲದೆ ‘ಹೈ ಫ್ಲೋ’ (ಹೆಚ್ಚು ಗಾಳಿ ಬಿಡುವಂಥದ್ದು) ಎಂದಷ್ಟೇ ಬರೆದಿದ್ದರೆ ಅದನ್ನು ಅಂಗಡಿಯಲ್ಲೇ ಬಿಟ್ಟು ಬನ್ನಿ.

ಪಿಕಪ್ ಏರಿತು ಎನ್ನುವವರು ಸುಳ್ಳು ಹೇಳುತ್ತಿಲ್ಲ. ಕಟ್ಟಿಕೊಂಡ ಪೇಪರ್ ತೆಗೆದು ಹೊಸ ಕಾಟನ್ ಹಾಕಿದವರಿಗೆ ವ್ಯತ್ಯಾಸ ಗೊತ್ತಾಗದೆ ಇರುತ್ತದೆಯೇ? ಹೊಸ ಪೇಪರ್ ಹಾಕಿದ್ದರೂ ಅಷ್ಟೇ ಗೊತ್ತಾಗುತ್ತಿತ್ತು.

‘ಗಾಡಿ ಇರುವವರೆಗೂ’ ಎಂಬುದಕ್ಕೂ ಷರತ್ತಿದೆ: ಬಿಡದೆ ತೊಳೆಯಬೇಕು, ಪ್ರತಿ ಸಲವೂ ಸರಿಯಾದ ಎಣ್ಣೆ ಹಾಕಬೇಕು. ಒಣಗುವವರೆಗೆ ಗಾಡಿ ನಿಲ್ಲಿಸಬೇಕು, ಇಲ್ಲವೇ ಇನ್ನೊಂದು ಫಿಲ್ಟರ್ ಇಟ್ಟುಕೊಂಡಿರಬೇಕು. ಕ್ವಾರಿಗೆ ದಿನಾ ಹೋಗುವವರಿಗೆ ಇದು ಆಗುವ ಮಾತಲ್ಲ.

ಈಗಾಗಲೇ ಕೊಂಡಿದ್ದೀರಾದರೆ ತೊಳೆಯುವ ಕ್ರಮ ಹೀಗಿದೆ. ಅದಕ್ಕೆಂದೇ ಬರುವ ಕ್ಲೀನರ್ ಸಿಂಪಡಿಸಿ ಹತ್ತು ನಿಮಿಷ ಬಿಡಿ, ಅಲ್ಲೇ ಒಣಗಲು ಮಾತ್ರ ಬಿಡಬೇಡಿ. ನೀರನ್ನು ಒಳಗಿನ, ಅಂದರೆ ಇಂಜಿನ್ ಕಡೆಯ ಮೈಯಿಂದ ಹೊರಕ್ಕೆ, ನಳದ ಮೆಲ್ಲನೆಯ ಧಾರೆಯಲ್ಲಿ ಹಾಯಿಸಿ. ಹೊರಗಿನಿಂದ ಒಳಕ್ಕೆ ಹಾಯಿಸಿದರೆ ಧೂಳು ಬಟ್ಟೆಯೊಳಗೆ ಇನ್ನೂ ಆಳಕ್ಕೆ ಹೋಗುತ್ತದೆ. ಜಾಡಿಸಿ, ನೆರಳಲ್ಲಿ ರಾತ್ರಿಯೆಲ್ಲ ಒಣಗಿಸಿ. ಕಂಪ್ರೆಸರ್ ಹವಾ, ಪೆಟ್ರೋಲ್, ಹೇರ್ ಡ್ರೈಯರ್ ಯಾವುದೂ ಬೇಡ. ಪೂರ್ತಿ ಒಣಗಿದ ಮೇಲೆ ಪ್ರತಿ ಮಡಿಕೆಯ ತುದಿಗುಂಟ ಎಣ್ಣೆಯನ್ನು ಒಂದೇ ಸಲ ತೆಳುವಾಗಿ ಎಳೆದು 20 ನಿಮಿಷ ಬಿಡಿ. ಎಣ್ಣೆ ತಾನೇ ಹರಡಿಕೊಳ್ಳುತ್ತದೆ. ಬಿಳಿ ಉಳಿದ ಜಾಗಕ್ಕೆ ಮಾತ್ರ ಮತ್ತೆ ಹಚ್ಚಿ. ಕಡಿಮೆಯಾದರೆ ಧೂಳು ದಾಟುತ್ತದೆ. ಹೆಚ್ಚಾದರೆ ಎಣ್ಣೆ ತೊಟ್ಟಿಕ್ಕಿ ಏರ್ ಬಾಕ್ಸಿನ (ಫಿಲ್ಟರ್ ಕೂರುವ ಡಬ್ಬಿಯ) ತಳದಲ್ಲಿ ನಿಲ್ಲುತ್ತದೆ, ಇಂಜಿನ್ನಿಗೆ ಹೋಗುವ ಗಾಳಿಯನ್ನು ಹತೋಟಿಯಲ್ಲಿಡುವ ಥ್ರಾಟಲ್ ಬಾಡಿಗೆ ಅಂಟಿ ಐಡ್ಲಿಂಗ್ ಕೆಡಿಸುತ್ತದೆ.

ಯಾವ ಫಿಲ್ಟರ್ ಹಾಕಿದರೂ ಒಂದು ಪರೀಕ್ಷೆ ತಪ್ಪಿಸಬೇಡಿ. ಫಿಲ್ಟರ್ ದಾಟಿದ ಮೇಲೆ ಬರುವ ರಬ್ಬರ್ ಪೈಪಿನ ಒಳಮೈ ಒರೆಸಿ, ಬೆರಳಿನಿಂದ ತೆಳುವಾಗಿ ಗ್ರೀಸ್ ಸವರಿ, ಎಲ್ಲ ಮುಚ್ಚಿ 300 ಕಿಲೋಮೀಟರ್ ಓಡಿಸಿ. ಬಿಚ್ಚಿ ಆ ಗ್ರೀಸನ್ನು ಎರಡು ಬೆರಳ ನಡುವೆ ಉಜ್ಜಿ. ನುಣ್ಣಗಿದ್ದರೆ ಸರಿ. ಕರಕರ ಎಂದರೆ ಧೂಳು ಒಳಗೆ ಹೋಗುತ್ತಿದೆ. ಹೆಚ್ಚಿನ ಸಲ ತಪ್ಪು ಪೇಪರಿನದಾಗಿರುವುದಿಲ್ಲ, ಕೂರುವ ಅಂಚಿನದು: ರಬ್ಬರ್ ತುಟಿ ಮಡಚಿಕೊಂಡಿರುತ್ತದೆ, ಮುಚ್ಚಳದ ಒಂದು ಸ್ಕ್ರೂ ಇರುವುದಿಲ್ಲ, ಇಲ್ಲವೇ ಪೈಪಿನ ಕ್ಲಿಪ್ ಸಡಿಲಾಗಿರುತ್ತದೆ.

ಕಂಪನಿ ಫಿಲ್ಟರಿನ ಅರ್ಧ ರೇಟಿಗೆ ಅದೇ ಥರದ್ದು ಸಿಗುತ್ತದೆ. ನೋಡಲು ಏನೂ ಫರಕ್ ಇಲ್ಲ. ನಡೆಯುತ್ತದೆಯೇ?
— ಓದುಗರು, ವಿಜಯಪುರ

ಫರಕ್ ಇದೆ, ಎಣಿಸಿ ನೋಡಬೇಕು. ಎರಡನ್ನೂ ಕೌಂಟರ್ ಮೇಲೆ ಪಕ್ಕಪಕ್ಕ ಇಟ್ಟು ಮಡಿಕೆ ಎಣಿಸಿ. ಒಂದರಲ್ಲಿ 40 ಮಡಿಕೆ, ಪ್ರತಿಯೊಂದೂ 2 ಸೆಂಟಿಮೀಟರ್ ಆಳ, 12 ಸೆಂಟಿಮೀಟರ್ ಎತ್ತರ ಇದೆ ಎನ್ನಿ. ಮಡಿಕೆಗೆ ಎರಡು ಮೈ; 40 × 2 × 2 × 12 = 1,920 ಚದರ ಸೆಂಟಿಮೀಟರ್ ಪೇಪರ್. ಇನ್ನೊಂದರಲ್ಲಿ ಅದೇ ಅಳತೆಯ 30 ಮಡಿಕೆ ಇದ್ದರೆ 1,440. ಕಾಲು ಭಾಗ ಪೇಪರ್ ಕಡಿಮೆಯಾಯಿತು. ಅದು ಬೇಗ ಕಟ್ಟಿಕೊಳ್ಳುತ್ತದೆ, ಗಾಳಿಯನ್ನೂ ಜೋರಾಗಿ ಎಳೆಸಿಕೊಳ್ಳುತ್ತದೆ.

ಆಮೇಲೆ ಮೊಬೈಲಿನ ಟಾರ್ಚನ್ನು ಒಳಗಿಟ್ಟು ಹೊರಗಿನಿಂದ ನೋಡಿ. ಬೆಳಕು ಎಲ್ಲ ಕಡೆ ಮಬ್ಬಾಗಿ, ಒಂದೇ ಸಮ ಕಾಣಬೇಕು. ಸೂಜಿಮೊನೆಯಷ್ಟು ಚುಕ್ಕೆ ಹೊಳೆದರೂ ಬೇಡ. ಮಡಿಕೆಯ ತುದಿ ಫ್ರೇಮಿಗೆ ಸೇರುವಲ್ಲಿ ಗೋಂದು ಎಲ್ಲಿಯೂ ತುಂಡಾಗಿರಬಾರದು. ಅಂಚಿನ ರಬ್ಬರನ್ನು ಉಗುರಿನಿಂದ ಒತ್ತಿ ಬಿಟ್ಟರೆ ಗುರುತು ಮಾಯವಾಗಬೇಕು. ಗುರುತು ಹಾಗೇ ಉಳಿದರೆ ಬಿಸಿಗೆ ಅದು ಚಪ್ಪಟೆಯಾಗಿ ಸಂದು ಬಿಡುತ್ತದೆ.

ಹೊರಗಿನ ಕಂಪನಿಯದೆಲ್ಲ ಕೆಟ್ಟದ್ದು ಎಂದು ನಾವು ಹೇಳುತ್ತಿಲ್ಲ. ಗಾಡಿ ಕಂಪನಿಗಳಿಗೇ ಫಿಲ್ಟರ್ ಮಾಡಿಕೊಡುವ ತಯಾರಕರು ತಮ್ಮ ಹೆಸರಿನಲ್ಲೂ ಮಾರುತ್ತಾರೆ. ಅವು ಒಳ್ಳೆಯವು, ಅಗ್ಗವೂ ಹೌದು. ಗಾಡಿಯ ಹೆಸರು ಹೇಳಿ ಕೇಳಬೇಡಿ, ಮಾಡೆಲ್ ಇಸವಿ ಮತ್ತು ಪಾರ್ಟ್ ನಂಬರ್ ಹೇಳಿ. ಒಂದೇ ಹೆಸರಿನ ಬೈಕಿಗೆ ಬಿಎಸ್4ಕ್ಕೂ ಬಿಎಸ್6ಕ್ಕೂ (ಹೊಗೆಯ ನಿಯಮದ ಹಂತಗಳು) ಫಿಲ್ಟರ್ ಬೇರೆ ಇರುವುದುಂಟು.

ಪ್ರತಿ ಸರ್ವಿಸಿಗೂ ಗ್ಯಾರೇಜಿನ್ಯಾಗ ಫಿಲ್ಟರಿಗೆ ಹವಾ ಹೊಡದು ಹಾಕ್ತಾರ್ರೀ. ಈಗ ತಗೊಂಡ ಹೊಸಾ ಗಾಡಿ ಫಿಲ್ಟರ್ ಮುಟ್ಟಿದ್ರ ಎಣ್ಣಿ ಹಚ್ಚಿಧಂಗ ಜಿಗಟ ಐತಿ. ಇದಕ್ಕೂ ಹವಾ ಹೊಡಸಬೇಕೇನ್ರಿ?
— ಓದುಗರು, ಜಮಖಂಡಿ

ಹೊಡಸಬ್ಯಾಡ್ರಿ. ಅದು ವಿಸ್ಕಸ್ ಪೇಪರ್. ಕಾರ್ಖಾನೆಯಲ್ಲೇ ಎಣ್ಣೆಯಲ್ಲಿ ನೆನೆಸಿದ್ದು. ಹವಾ ಹೊಡೆದರೆ ಧೂಳಿನ ಜೊತೆ ಎಣ್ಣೆಯೂ ಹಾರುತ್ತದೆ, ಉಳಿದ ಧೂಳು ಇನ್ನೂ ಒಳಕ್ಕೆ ಕೂರುತ್ತದೆ. ಇಂಥ ಫಿಲ್ಟರನ್ನು ತೊಳೆಯುವಂತಿಲ್ಲ, ಝಾಡಿಸುವಂತಿಲ್ಲ, ಬದಲಿಸುವುದೊಂದೇ. ಕಪ್ಪಾಗಿ ಕಂಡ ಮಾತ್ರಕ್ಕೆ ಕೆಟ್ಟಿತು ಎಂದೂ ಅಲ್ಲ, ಎಣ್ಣೆಗೆ ಧೂಳು ಕೂತರೆ ಕಪ್ಪಾಗಿಯೇ ಕಾಣುತ್ತದೆ. ಓನರ್ಸ್ ಮ್ಯಾನ್ಯುಯಲ್‌ನಲ್ಲಿ ಬರೆದ ಕಿಲೋಮೀಟರ್ ನೋಡಿ. ಅದರ ಪಕ್ಕದಲ್ಲೇ ಧೂಳಿನ ಜಾಗದಲ್ಲಿ ಇನ್ನೂ ಬೇಗ ಬದಲಿಸಿ ಎಂದು ಸಣ್ಣಕ್ಷರದಲ್ಲಿ ಇರುತ್ತದೆ. ಜಮಖಂಡಿ, ಮುಧೋಳ ಕಡೆ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಕಚ್ಚಾ ರಸ್ತೆಯಲ್ಲಿ ಓಡಾಡುವವರು, ರವದಿ (ಕಬ್ಬಿನ ಒಣ ಗರಿ) ಸುಡುವ ಹೊಲಗಳ ನಡುವೆ ಹಾಯುವವರು ಆ ಅಂಕಿಯ ಅರ್ಧಕ್ಕೇ ಬದಲಿಸುವುದು ಒಳ್ಳೆಯದು. ರವದಿಯ ಬೂದಿಯಲ್ಲೂ ಸಿಲಿಕಾ ಇದೆ.

ಇನ್ನು ಹಳೆಯ ಗಾಡಿಯ ಒಣ ಪೇಪರ್. ಅದಕ್ಕೆ ಹವಾ ಹೊಡೆಯಬಹುದು, ಆದರೆ ಗ್ಯಾರೇಜಿನ ಕಂಪ್ರೆಸರ್ ಟ್ಯಾಂಕಿನಲ್ಲಿ 100 ಪಿಎಸ್ಐಗೂ ಮೇಲೆ ಒತ್ತಡ ಇರುತ್ತದೆ. ಗನ್ನನ್ನು ಪೇಪರಿಗೆ ತಾಗಿಸಿ ಹೊಡೆದರೆ ಕಾಣದಂಥ ಸೀಳು ಬೀಳುತ್ತದೆ. 30 ಪಿಎಸ್ಐ, ಅಂದರೆ ಟೈರಿಗೆ ಹಾಕುವಷ್ಟಕ್ಕಿಂತ ಹೆಚ್ಚು ಬೇಡ. ಒಳಗಿನಿಂದ ಹೊರಕ್ಕೆ, ಒಂದು ಗೇಣು ದೂರದಿಂದ. ಹೊಡೆದ ಮೇಲೆ ಟಾರ್ಚ್ ಪರೀಕ್ಷೆ ಮಾಡಿ.

ಪದೇ ಪದೇ ಹೊಡೆಸುವುದೂ ತಪ್ಪು. ಪೇಪರಿನ ಮೇಲೆ ತೆಳುವಾಗಿ ಕೂತ ಧೂಳೇ ಮುಂದಿನ ಸಣ್ಣ ಧೂಳನ್ನು ತಡೆಯುತ್ತದೆ. ಹೊಚ್ಚ ಹೊಸ ಫಿಲ್ಟರಿಗಿಂತ ಸ್ವಲ್ಪ ಓಡಿದ ಫಿಲ್ಟರ್ ಧೂಳನ್ನು ಚೆನ್ನಾಗಿ ಹಿಡಿಯುತ್ತದೆ. ತಿಂಗಳಿಗೊಮ್ಮೆ ಹೊಡೆಸಿದರೆ ಆ ಪದರ ನಿಲ್ಲುವುದೇ ಇಲ್ಲ.

ಬೆಳಗಾವಿಯಲ್ಲಿ ಓದುತ್ತಿದ್ದೇನೆ. ಅಣ್ಣನ ಹಳೆಯ 100 ಸಿಸಿ ಕಾರ್ಬುರೇಟರ್ ಗಾಡಿಗೆ ಏರ್ ಬಾಕ್ಸ್ ತೆಗೆದು ಕೋನ್ ಫಿಲ್ಟರ್ ಹಾಕಿಸಿದೆ. ಸೌಂಡ್ ಸೂಪರ್. ಆದರೆ ಎಕ್ಸಲೇಟರ್ ಬಿಟ್ಟಾಗ ಸೈಲೆನ್ಸರಿನಲ್ಲಿ ಪಟ್ ಪಟ್ ಎನ್ನುತ್ತದೆ, ಒಮ್ಮೆಲೆ ತಿರುವಿದರೆ ತಡವರಿಸುತ್ತದೆ, ಇಂಜಿನ್ ಬಿಸಿ. ಏನು ಮಾಡಲಿ?
— ವಿದ್ಯಾರ್ಥಿ, ಬೆಳಗಾವಿ

ಅಣ್ಣನಿಗೆ ಗೊತ್ತಾಗುವ ಮುಂಚೆ ಹಳೆಯ ಬಾಕ್ಸ್ ಹಾಕಿಸಿಬಿಡಿ. ಸೌಂಡ್ ಏರಿದ್ದಕ್ಕೆ ಕಾರಣ, ಗಾಳಿ ಎಳೆಯುವ ಸದ್ದನ್ನು ಅಡಗಿಸುತ್ತಿದ್ದ ಡಬ್ಬಿ ಹೋಗಿದೆ. ಶಕ್ತಿ ಏರಿಲ್ಲ. ಏರ್ ಬಾಕ್ಸಿನ ಗಾತ್ರ, ಅದರ ಪೈಪಿನ ಉದ್ದ ಎರಡನ್ನೂ ಆ ಇಂಜಿನ್ನಿನ ಉಸಿರಿಗೆ ಹೊಂದಿಸಿಯೇ ಮಾಡಿರುತ್ತಾರೆ. ಅದನ್ನು ತೆಗೆದರೆ ಕೆಳಗಿನ ಮತ್ತು ನಡುವಿನ ಆರ್‌ಪಿಎಂನಲ್ಲಿ, ಅಂದರೆ ಊರೊಳಗೆ ದಿನಾ ಓಡಿಸುವಲ್ಲಿ, ಎಳೆತ ತಗ್ಗುತ್ತದೆ.

ನೀವು ಬರೆದ ಮೂರೂ ಲಕ್ಷಣ ಲೀನ್ ಮಿಕ್ಸ್ಚರಿನವು; ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ. ಪ್ಲಗ್ ಬಿಚ್ಚಿ ನೋಡಿ: ತುದಿಯ ಪಿಂಗಾಣಿ ತಿಳಿ ಕಂದು ಇರಬೇಕಾದದ್ದು ಬೆಳ್ಳಗೆ ಸುಟ್ಟಂತೆ ಇರುತ್ತದೆ. ಹೀಗೇ ಜೋರಾಗಿ ಓಡಿಸಿದರೆ ಪಿಸ್ಟನ್ನಿಗೆ ಅಪಾಯ. ಹಠ ಹಿಡಿದು ಕೋನ್ ಇಟ್ಟುಕೊಳ್ಳುವುದಾದರೆ ಕಾರ್ಬುರೇಟರನ್ನು ಮತ್ತೆ ಹೊಂದಿಸಲೇಬೇಕು: ಮೇನ್ ಜೆಟ್ (ಪೆಟ್ರೋಲ್ ಹಾಯುವ ಸಣ್ಣ ತೂತಿನ ಬಿಡಿಭಾಗ) ಒಂದೆರಡು ನಂಬರ್ ದೊಡ್ಡದು, ಸೂಜಿಗೆ ಕ್ಲಿಪ್ಪಿನ ಗೀಟುಗಳಿದ್ದರೆ ಕ್ಲಿಪ್ಪನ್ನು ಒಂದು ಗೀಟು ಕೆಳಗಿಳಿಸುವುದು (ಆಗ ಸೂಜಿ ಮೇಲೇಳುತ್ತದೆ), ಕೊನೆಗೆ ಐಡ್ಲಿಂಗಿನಲ್ಲಿ ಮಿಕ್ಸ್ಚರ್ ಸ್ಕ್ರೂ ಹೊಂದಿಸುವುದು. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಪ್ಲಗ್ ನೋಡಿ, ಆಮೇಲೆ ಮುಂದಿನದು. ಮೂರನ್ನೂ ಒಟ್ಟಿಗೆ ತಿರುವಿದರೆ ಯಾವುದರಿಂದ ಏನಾಯಿತು ಎಂದು ಯಾವ ಮಿಸ್ತ್ರಿಗೂ ಗೊತ್ತಾಗುವುದಿಲ್ಲ.

ಇನ್ನೆರಡು ಕಡೆ ಕಣ್ಣಿಡಿ. ಕಾರ್ಬುರೇಟರಿನ ಬಾಯಿಯ ಅಂಚಿನಲ್ಲಿ ಸಣ್ಣ ಗಾಳಿ ರಂಧ್ರಗಳಿರುತ್ತವೆ. ಕೋನಿನ ದಪ್ಪ ರಬ್ಬರ್ ಅವನ್ನು ಮುಚ್ಚಿದರೆ ಯಾವ ಜೆಟ್ ಹಾಕಿದರೂ ಗಾಡಿ ದಾರಿಗೆ ಬರುವುದಿಲ್ಲ. ಎರಡನೆಯದು, ಇಂಜಿನ್ನಿನಿಂದ ಏರ್ ಬಾಕ್ಸಿಗೆ ಬರುತ್ತಿದ್ದ ಬ್ರೀದರ್ ಪೈಪ್. ಬಾಕ್ಸ್ ತೆಗೆದವರು ಅದನ್ನು ಹಾಗೇ ಜೋತು ಬಿಟ್ಟಿರುತ್ತಾರೆ. ಅದರಿಂದ ಎಣ್ಣೆಯ ಆವಿ ಹಿಂದಿನ ಟೈರಿನ ಕಡೆ ಹಾರುತ್ತದೆ, ಇಂಜಿನ್ ಆರುವಾಗ ಅದೇ ಪೈಪಿನಿಂದ ಧೂಳು ನೇರವಾಗಿ ಎಣ್ಣೆಗೆ ಇಳಿಯುತ್ತದೆ.

ಬೆಳಗಾವಿಯ ಮಳೆಯನ್ನೂ ಲೆಕ್ಕಕ್ಕೆ ಹಿಡಿಯಿರಿ. ಜಾಂಬೋಟಿ, ಚೋರ್ಲಾ ಘಾಟಿನ ಮಳೆಯಲ್ಲಿ ಬರಿಮೈಯ ಕೋನ್ ಫಿಲ್ಟರ್ ನೀರನ್ನೇ ಕುಡಿಯುತ್ತದೆ. ಮುಂದಿನ ಗಾಲಿ ಎರಚುವ ಕೆಸರೂ ಅದರ ಮೇಲೇ.

ಬಿಎಸ್6 ಬುಲೆಟ್ 350ಕ್ಕೆ ಏರ್ ಬಾಕ್ಸ್ ಹಾಗೇ ಇಟ್ಟು ಒಳಗಿನ ಫಿಲ್ಟರ್ ಮಾತ್ರ ಹೈ ಫ್ಲೋ ಹಾಕಿದರೆ ಇಸಿಯು ಮ್ಯಾಪ್ ಬದಲಿಸಬೇಕೇ? ಓಡಾಟ ಬಹುಪಾಲು ಹೈವೇ.
— ಓದುಗರು, ಖಾನಾಪುರ

ಬೇಕಿಲ್ಲ. (ಇಸಿಯು ಎಂದರೆ ಎಷ್ಟು ಪೆಟ್ರೋಲ್ ಬಿಡಬೇಕೆಂದು ನಿರ್ಧರಿಸುವ ಗಾಡಿಯ ಕಂಪ್ಯೂಟರ್, ಮ್ಯಾಪ್ ಎಂದರೆ ಅದರಲ್ಲಿ ಬರೆದಿಟ್ಟ ಲೆಕ್ಕ.) ಫಿಲ್ಟರ್ ಒಂದನ್ನೇ ಬದಲಿಸಿದರೆ ಗಾಳಿಯ ಹೆಚ್ಚಳ ಅಲ್ಪ. ಸಮವೇಗದಲ್ಲಿ ಓಡುವಾಗ ಸೈಲೆನ್ಸರ್ ಪೈಪಿನ ಆಕ್ಸಿಜನ್ ಸೆನ್ಸರ್ ನೋಡಿಕೊಂಡು ಇಸಿಯು ಪೆಟ್ರೋಲನ್ನು ತಾನೇ ಸರಿದೂಗಿಸುತ್ತದೆ. ಪೂರ್ತಿ ತಿರುವಿದಾಗ ಮಾತ್ರ ಅದು ಆ ಸೆನ್ಸರಿನ ಮಾತು ಕೇಳದೆ ಬರೆದಿಟ್ಟ ಮ್ಯಾಪಿನಂತೆ ನಡೆಯುತ್ತದೆ. ಫಿಲ್ಟರಿನ ಜೊತೆ ಸೈಲೆನ್ಸರೂ ಬದಲಿಸಿದರೆ ಆಗ ಮ್ಯಾಪಿನ ಪ್ರಶ್ನೆ ಏಳುತ್ತದೆ.

ಡಾಂಬರು ರಸ್ತೆಯಲ್ಲೇ ಓಡುವ, ತೊಳೆದು ಎಣ್ಣೆ ಹಾಕುವ ತಾಳ್ಮೆಯಿರುವ ನಿಮ್ಮಂಥವರಿಗೆ ಒಳ್ಳೆ ಕಾಟನ್ ಫಿಲ್ಟರ್ ಅಡ್ಡಿಯಿಲ್ಲ. ಹತ್ತಾರು ಸಾವಿರ ಕಿಲೋಮೀಟರಿಗೆ ಖರ್ಚೂ ಸರಿಹೋದೀತು. ಆವರೇಜ್ ಏರುತ್ತದೆ ಎಂದು ಮಾತ್ರ ಹಾಕಿಸಬೇಡಿ; ಫ್ಯುಯಲ್ ಇಂಜೆಕ್ಷನ್ ಗಾಡಿಯಲ್ಲಿ ಫಿಲ್ಟರ್ ಸ್ವಲ್ಪ ಕಟ್ಟಿದರೂ ಮೊದಲು ಇಳಿಯುವುದು ಏರಿನಲ್ಲಿ, ಓವರ್‌ಟೇಕಿನಲ್ಲಿ ಬೇಕಾದ ದಮ್ಮು. ಪೆಟ್ರೋಲ್ ಕುಡಿದು ಕಪ್ಪು ಹೊಗೆ ಬಿಡುವುದು ಕಾರ್ಬುರೇಟರ್ ಗಾಡಿಗಳ ಗುಣ. ವಾರಂಟಿ ಇನ್ನೂ ಇದ್ದರೆ ಹಳೆಯ ಫಿಲ್ಟರನ್ನು ಎಸೆಯದೆ ಇಟ್ಟುಕೊಳ್ಳಿ, ಸರ್ವಿಸಿಗೆ ಕೊಡುವಾಗ ಅದನ್ನೇ ಹಾಕಿ ಕೊಡಿ.

ಹಳೆಯ ಮೊಪೆಡ್ಡಿನ ಸ್ಪಂಜ್ ಫಿಲ್ಟರನ್ನು ಪೆಟ್ರೋಲಿನಲ್ಲಿ ತೊಳೆದು ಹಾಗೇ ಹಾಕುತ್ತೇವೆ. ಸರಿಯೇ?
— ಓದುಗರು, ಸಿಂದಗಿ

ಎರಡು ತಪ್ಪಿವೆ. ಪೆಟ್ರೋಲ್ ಸ್ಪಂಜಿನ ಅಂಟನ್ನು ಬಿಡಿಸುತ್ತದೆ, ಬೆಂಕಿಯ ಭಯ ಬೇರೆ. ‘ಹಾಗೇ’ ಹಾಕುವುದು ಅದಕ್ಕಿಂತ ದೊಡ್ಡ ತಪ್ಪು: ಎಣ್ಣೆಯಿಲ್ಲದ ಸ್ಪಂಜ್ ನೊಣ, ಹುಲ್ಲುಕಡ್ಡಿ ತಡೆದೀತು, ಎರಿ ಮಣ್ಣಿನ ಹಿಟ್ಟಿನಂಥ ಧೂಳನ್ನು ತಡೆಯುವುದಿಲ್ಲ. ಉಗುರುಬೆಚ್ಚಗಿನ ನೀರು, ಬಟ್ಟೆ ಸೋಪಿನ ಪುಡಿ ಸಾಕು. ಹಿಂಡುವಾಗ ತಿರುಚಬೇಡಿ, ಅಂಗೈ ನಡುವೆ ಅದುಮಿ. ನೆರಳಲ್ಲಿ ಪೂರ್ತಿ ಒಣಗಿದ ಮೇಲೆ ಫೋಮ್ ಫಿಲ್ಟರ್ ಆಯಿಲ್ ಹಾಕಿ, ಸಿಗದಿದ್ದರೆ ಮ್ಯಾನ್ಯುಯಲ್ ಹೇಳಿದ ದರ್ಜೆಯ ಆಯಿಲ್. ಪ್ಲಾಸ್ಟಿಕ್ ಚೀಲದೊಳಗೆ ಇಟ್ಟು ನಾದಿದರೆ ಎಲ್ಲ ಕಡೆ ಒಂದೇ ಸಮ ಹತ್ತುತ್ತದೆ, ಕೈಯೂ ಕೊಳೆಯಾಗುವುದಿಲ್ಲ. ಹೆಚ್ಚಾದದ್ದನ್ನು ಅದುಮಿ ತೆಗೆಯಿರಿ; ಮುಟ್ಟಿದರೆ ಜಿಗಟಿರಬೇಕು, ತೊಟ್ಟಿಕ್ಕಬಾರದು. ಒಣಗಿದ ಸ್ಪಂಜನ್ನು ಚಿವುಟಿದಾಗ ಪುಡಿ ಉದುರಿದರೆ ಅದರ ಆಯಸ್ಸು ಮುಗಿದಿದೆ, ಆ ಪುಡಿಯನ್ನು ಇಂಜಿನ್ನೇ ನುಂಗುತ್ತದೆ.

ಗಾಳಿ ಹೆಚ್ಚು ಹೋಗಲಿ ಎಂದು ಏರ್ ಬಾಕ್ಸಿನ ಮುಚ್ಚಳಕ್ಕೆ ತೂತು ಕೊರೆಯುತ್ತಾರೆ. ಉಪಯೋಗವಿದೆಯೇ?
— ಓದುಗರು, ಅಥಣಿ

ಇಲ್ಲ. ಕಂಪನಿ ಗಾಳಿಯ ಬಾಯಿಯನ್ನು ಸೀಟಿನ ಕೆಳಗೆ, ಧೂಳು ನೀರು ಕಡಿಮೆ ಬರುವ ಕಡೆ ಇಟ್ಟಿರುತ್ತದೆ. ತೂತು ಹೊರಮುಖದಲ್ಲಿದ್ದರೆ ಎರಡೂ ನೇರ ಒಳಗೆ. ಕೊರೆದಾಗಿದ್ದರೆ ಮುಚ್ಚಳವನ್ನೇ ಹೊಸದು ಹಾಕಿಸಿ, ಎಂ-ಸೀಲ್ ಮೆತ್ತಿದ್ದು ನಡುಗಿ ನಡುಗಿ ಉದುರುತ್ತದೆ.

ಘಟಪ್ರಭಾ ನೀರು ಬಂದಾಗ ಬೈಕು ಸೀಟಿನವರೆಗೆ ಮುಳುಗಿತ್ತು. ಫಿಲ್ಟರ್ ಒಣಗಿಸಿ ಹಾಕಿದರೆ ಸಾಕೇ?
— ಓದುಗರು, ಮುಧೋಳ

ಸಾಲದು. ಮೊದಲು, ಕಿಕ್ ಹೊಡೆಯಬೇಡಿ, ಸೆಲ್ಫ್ ಒತ್ತಬೇಡಿ. ಸಿಲಿಂಡರಿನಲ್ಲಿ ನೀರಿದ್ದರೆ ಅದು ಗಾಳಿಯಂತೆ ಕುಗ್ಗುವುದಿಲ್ಲ, ಕನೆಕ್ಟಿಂಗ್ ರಾಡ್ ಬಾಗುತ್ತದೆ. ಬ್ಯಾಟರಿ ತಂತಿ ಬಿಚ್ಚಿ. ಏರ್ ಬಾಕ್ಸಿನ ತಳದಲ್ಲಿ ಮುಚ್ಚಿದ ತುದಿಯ ಸಣ್ಣ ರಬ್ಬರ್ ನಳಿಕೆ ಇರುತ್ತದೆ, ಅದನ್ನು ತೆಗೆದು ನೀರು ಬಸಿಯಿರಿ. ಪ್ಲಗ್ ಬಿಚ್ಚಿ, ಗೇರಿಗೆ ಹಾಕಿ ಹಿಂದಿನ ಗಾಲಿಯನ್ನು ಕೈಯಿಂದ ತಿರುಗಿಸಿ ಸಿಲಿಂಡರಿನ ನೀರು ಹೊರಹಾಕಿ. ಇಂಜಿನ್ ಆಯಿಲ್ ಬಸಿದು ನೋಡಿ. ಹಾಲು ಹಾಕಿದ ಚಹಾದ ಬಣ್ಣವಿದ್ದರೆ ನೀರು ಸೇರಿದೆ. ಹೊಸ ಆಯಿಲ್ ಹಾಕಿ ಸ್ವಲ್ಪ ಹೊತ್ತು ಐಡ್ಲಿಂಗಿನಲ್ಲಿ ಓಡಿಸಿ ಮತ್ತೆ ಬಸಿಯಿರಿ, ಬಣ್ಣ ತಿಳಿಯಾಗುವವರೆಗೆ. ಪೆಟ್ರೋಲ್ ಟ್ಯಾಂಕನ್ನೂ ಖಾಲಿ ಮಾಡಿಸಿ. ನೆನೆದ ಪೇಪರ್ ಫಿಲ್ಟರನ್ನು ಒಣಗಿಸಿದರೂ ಕೆಲಸಕ್ಕೆ ಬಾರದು. ಮಡಿಕೆಗಳೊಳಗೆ ಹೂಳು ಕೂತಿರುತ್ತದೆ. ಹೊಸದು ಹಾಕುವ ಮುಂಚೆ ಏರ್ ಬಾಕ್ಸಿನ ಒಳಮೂಲೆಗಳನ್ನು ಒದ್ದೆ ಬಟ್ಟೆಯಿಂದ ಎರಡು ಸಲ ಒರೆಸಿ, ಒಣಗಿದ ಮೇಲೆ ಆ ನಳಿಕೆಯ ಮುಚ್ಚಳವನ್ನು ಮರೆಯದೆ ಹಾಕಿ.